ಬಿಡದ ನೋವಿದ್ದಾಗ ಮನಸ್ಸು, ಮನೆ, ದಿನಚರಿ: ಗಡಿಯಾರ ಹಿಡಿದು ನಡೆಯುವ ಬಗೆ

ನಡುನೋವು, ಮೊಣಕಾಲುನೋವು, ಕುತ್ತಿಗೆಯಿಂದ ಕೈಗೆ ಇಳಿಯುವ ಸೆಳೆತ, ಸಕ್ಕರೆ ಕಾಯಿಲೆಯವರ ಅಂಗಾಲು ಉರಿ. ಹೆಸರು ಯಾವುದೇ ಇರಲಿ, ಮೂರು ತಿಂಗಳು ದಾಟಿಯೂ ಉಳಿದರೆ ಅಥವಾ ಮರಳಿ ಮರಳಿ ಬಂದರೆ ಅದು ದೀರ್ಘಕಾಲದ ನೋವು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಇದಕ್ಕೆ ಅದರದೇ ಸಂಕೇತಗಳು ಸಿಕ್ಕವು. ಬೇರೆ ರೋಗದ ನೆರಳಾಗಿ ನೋಡುತ್ತಿದ್ದ ನೋವನ್ನು ತಾನೇ ಒಂದು ಕಾಯಿಲೆಯಾಗಿ ಒಪ್ಪಿಕೊಂಡಂತಾಯಿತು. "ಎಕ್ಸ್‌ರೇದಾಗ ಏನೂ ಇಲ್ಲ, ಸುಮ್ನ ಮಾಡ್ತಾಳ" ಎಂಬ ಮಾತು ಕೇಳಿ ಬೇಸತ್ತವರು ಈ ಸಾಲುಗಳನ್ನು ಮನೆಯವರಿಗೆ ಓದಿ ಹೇಳಬಹುದು.

ಇಂಥ ನೋವಿರುವವರಲ್ಲಿ ಹೆಚ್ಚಿನವರು ದಿನವನ್ನು ನೋವಿನ ಕೈಗೆ ಕೊಟ್ಟಿರುತ್ತಾರೆ. ಕಡಿಮೆಯಾದಾಗ ಎದ್ದು ಎಲ್ಲ ಕೆಲಸ ಎಳೆದು ಹಾಕುವುದು, ಏರಿದಾಗ ಮಲಗುವುದು, ಮಲಗಿದಲ್ಲೇ ಕಣ್ಣೀರು ಹಾಕುವುದು ಅಥವಾ ಮಕ್ಕಳ ಮೇಲೆ ರೇಗುವುದು. ಇಲ್ಲಿ ನಾವು ಹೇಳುವುದೆಲ್ಲ ಒಂದೇ ನಿಯಮದ ಸುತ್ತ ಇದೆ: ಕೆಲಸವನ್ನೂ ವಿಶ್ರಾಂತಿಯನ್ನೂ ನೋವು ನೋಡಿ ಮಾಡಬೇಡಿ, ಗಡಿಯಾರ ನೋಡಿ ಮಾಡಿ. ಮನಸ್ಸಿನ ಹಿಡಿತ ಮರಳುವುದು ಬಹುಮಟ್ಟಿಗೆ ಅಲ್ಲಿಂದಲೇ.

ಮೊದಲು ತಪಾಸಣೆ ಮುಗಿಸಿ

ಮನಸ್ಸಿನ ಕೆಲಸ ಶುರು ಮಾಡುವ ಮೊದಲು, ಕೂಡಲೇ ಚಿಕಿತ್ಸೆ ಬೇಕಾದ ಕಾರಣ ಯಾವುದೂ ಇಲ್ಲ ಎಂದು ವೈದ್ಯರಿಂದ ಒಮ್ಮೆ ಖಚಿತವಾಗಬೇಕು. ನಡುನೋವಿನ ಜೊತೆ ಮೂತ್ರ ಅಥವಾ ಮಲ ತಡೆಯಲು ಆಗದಿರುವುದು, ಮೂತ್ರ ಕಟ್ಟಿಕೊಳ್ಳುವುದು, ತೊಡೆಸಂದಿಯಲ್ಲಿ ಸ್ಪರ್ಶವೇ ತಿಳಿಯದಿರುವುದು, ಕಾಲಿನ ಬಲ ಹೊಸದಾಗಿ ಕುಂದುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಶುರುವಾದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸ ನೋವು, ಇವನ್ನೂ ಮುಂದೂಡಬಾರದು.

ವೈದ್ಯರ ಹತ್ತಿರ ಹೋಗುವಾಗ "ಭಾಳ ನೋವೈತ್ರಿ" ಎನ್ನುವುದಕ್ಕಿಂತ ಏನು ಮಾಡಲಾಗುತ್ತಿಲ್ಲ ಎಂಬುದನ್ನು ಅರ್ಧ ಪುಟ ಬರೆದುಕೊಂಡು ಹೋಗಿ: ಎಷ್ಟು ನಿಮಿಷ ನಿಲ್ಲಬಲ್ಲೆ, ಎಷ್ಟು ಮೆಟ್ಟಿಲು ಹತ್ತಬಲ್ಲೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಯಾವ ಗುಳಿಗೆ ಎಷ್ಟು ದಿನದಿಂದ. ಐದು ನಿಮಿಷದ ಭೇಟಿಯಲ್ಲಿ ಕೆಲಸಕ್ಕೆ ಬರುವುದು ಈ ಕಾಗದ.

ಗಾಯ ಮಾಗಿದರೂ ನೋವು ಯಾಕೆ ಉಳಿಯುತ್ತದೆ

ಇದನ್ನು ತಿಳಿದುಕೊಂಡರೆ ಅರ್ಧ ಭಯ ಇಳಿಯುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿದೆ ಎಂಬ ಸಿದ್ಧಾಂತ ಮಂಡಿಸಿದರು. ವಿವರಗಳು ಆಮೇಲೆ ಬಹಳ ತಿದ್ದುಪಡಿಯಾದರೂ ಮೂಲ ಮಾತು ಉಳಿದಿದೆ: ಮೈಯಿಂದ ಬರುವ ಸಂದೇಶ ಮಿದುಳಿಗೆ ಹಾಗೆಯೇ ತಲುಪುವುದಿಲ್ಲ, ದಾರಿಯಲ್ಲಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಭಯ, ನಿದ್ದೆಗೇಡು, ಮನೆಯ ಜಗಳ, ಸಾಲದ ಚಿಂತೆ, ನೋವಿನ ಮೇಲೇ ನೆಟ್ಟ ಗಮನ, ಇವೆಲ್ಲ ಅದನ್ನು ಹಿಗ್ಗಿಸುತ್ತವೆ. ಬಿಸಿ ಶಾಖ, ಹದವಾದ ನಡಿಗೆ, ಒಳ್ಳೆಯ ನಿದ್ದೆ, ಇಷ್ಟದವರ ಜೊತೆ ಮಾತು ಕುಗ್ಗಿಸುತ್ತವೆ. ತಿಂಗಳುಗಟ್ಟಲೆ ನೋವುಂಡ ನರವ್ಯೂಹ ಅತಿ ಸೂಕ್ಷ್ಮವಾಗುತ್ತದೆ. ಒಮ್ಮೆ ಕಳ್ಳ ಬಂದು ಹೋದ ಮೇಲೆ ಹೊಲದ ನಾಯಿ ಎಲೆ ಅಲ್ಲಾಡಿದರೂ ಬೊಗಳುವಂತೆ, ಸಣ್ಣ ಸೆಳೆತಕ್ಕೂ ಅದು ದೊಡ್ಡ ಕೂಗು ಹಾಕುತ್ತದೆ. ಕೂಗು ನಿಜ, ನೋವು ನಿಜ. ಪ್ರತಿ ಕೂಗಿಗೂ ಹೊಸ ಹಾನಿ ಆಗಿರುವುದಿಲ್ಲ, ಅಷ್ಟೇ.

ಸ್ಕ್ಯಾನಿಂಗ್ ವರದಿಯಲ್ಲಿ "ಡಿಸ್ಕ್ ಸವೆದಿದೆ" ಎಂದು ಓದಿ ಎದೆ ಒಡೆದುಕೊಳ್ಳುವವರು ಬಹಳ. ನಡುನೋವೇ ಇಲ್ಲದ ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, 20ರ ವಯಸ್ಸಿನವರಲ್ಲಿ ಶೇ. 37, 80ರ ವಯಸ್ಸಿನವರಲ್ಲಿ ಶೇ. 96 ಮಂದಿಗೆ ಇಂಥ ಸವೆತ ಕಂಡಿತ್ತು. ಆ ಸಾಲು ಹೆಚ್ಚಾಗಿ ವಯಸ್ಸಿನ ಗುರುತು. ಅದನ್ನು ಓದಿ ನಡೆದಾಟವನ್ನೇ ನಿಲ್ಲಿಸಿಬಿಟ್ಟರೆ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ.

ಒಂದು ವಾರದ ನೋಟ್‌ಬುಕ್

ಕಿಸೆಗೆ ಹಿಡಿಸುವ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8, ಈ ಮೂರು ಹೊತ್ತು ಮಾತ್ರ ಬರೆಯಿರಿ. ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ (0 ಅಂದರೆ ಇಲ್ಲವೇ ಇಲ್ಲ, 10 ಅಂದರೆ ಊಹಿಸಬಲ್ಲ ಅತಿ ಕೆಟ್ಟ ನೋವು), ಮನಸ್ಸಿನ ಭಾರಕ್ಕೂ ಹಾಗೆಯೇ ಒಂದು ಅಂಕಿ, ಹಿಂದಿನ ಹೊತ್ತಿನಿಂದ ಏನು ಕೆಲಸ ಎಷ್ಟು ನಿಮಿಷ ಮಾಡಿದಿರಿ ಎಂಬ ಒಂದು ಸಾಲು. ಬೆಳಿಗ್ಗೆ ಮಾತ್ರ ರಾತ್ರಿ ಎಷ್ಟು ತಾಸು ನಿದ್ದೆಯಾಯಿತೆಂದು ಸೇರಿಸಿ.

ಏಳು ದಿನ ಸಾಕು, ಆಮೇಲೆ ನಿಲ್ಲಿಸಿ. ತಾಸಿಗೊಮ್ಮೆ ಬರೆಯುವವರು, ತಿಂಗಳುಗಟ್ಟಲೆ ಬರೆಯುವವರು ನೋವನ್ನು ಕಾಯುತ್ತ ಕೂರುತ್ತಾರೆ, ಆ ಕಾಯುವಿಕೆಯೇ ಅದನ್ನು ಹಿಗ್ಗಿಸುತ್ತದೆ. ವಾರದ ಕೊನೆಗೆ ಮೂರು ಸಂಗತಿ ಹುಡುಕಿ. ಯಾವ ಕೆಲಸದ ಮರುದಿನ ಅಂಕಿ ಏರಿದೆ? ನಿದ್ದೆ ಐದು ತಾಸಿಗಿಂತ ಕಡಿಮೆಯಾದ ದಿನ ಏನಾಗಿದೆ? ನೋವು ಅಷ್ಟೇ ಇದ್ದರೂ ಮನಸ್ಸು ಹಗುರಾಗಿದ್ದ ಹೊತ್ತು ಯಾವುದು, ಆಗ ಯಾರ ಜೊತೆ ಇದ್ದಿರಿ? ಮೂರನೆಯದಕ್ಕೆ ಹೆಚ್ಚು ಬೆಲೆ ಕೊಡಿ. ಶನಿವಾರದ ಸಂತೆ, ಮಠದ ಪ್ರವಚನ, ಕಟ್ಟೆಯ ಮೇಲಿನ ಅರ್ಧ ತಾಸಿನ ಹರಟೆ, ಏನು ಸಿಕ್ಕರೂ ಅದನ್ನು ವಾರದಲ್ಲಿ ಇನ್ನೊಂದು ಸಲ ಬರುವಂತೆ ಮಾಡಿಕೊಳ್ಳಿ.

ಗಡಿಯಾರದ ಕೆಲಸ: ರೊಟ್ಟಿಯ ಲೆಕ್ಕ

ನಮ್ಮ ಭಾಗದ ಹೆಣ್ಣುಮಕ್ಕಳ ದೊಡ್ಡ ಪರೀಕ್ಷೆ ಜೋಳದ ರೊಟ್ಟಿ. ಬಿಸಿನೀರು ಹಾಕಿ ಹಿಟ್ಟು ನಾದುವಾಗ ಮಣಿಕಟ್ಟು, ಬಡಿಯುವಾಗ ಭುಜ ಮತ್ತು ಕುತ್ತಿಗೆ, ನೆಲದ ಒಲೆಯಾದರೆ ನಡು ಮತ್ತು ಮೊಣಕಾಲು, ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

1. ಮೂರು ಬೇರೆ ಬೇರೆ ದಿನ, ಒಳ್ಳೆಯ ದಿನವೂ ಕೆಟ್ಟ ದಿನವೂ ಸೇರಿದಂತೆ, ಕೆಲಸ ಶುರುವಾದಾಗಿನಿಂದ ನೋವು ಎರಡು ಅಂಕಿ ಏರುವವರೆಗೆ ಎಷ್ಟು ನಿಮಿಷ ಎಂದು ನೋಡಿ. 18, 14, 10 ಬಂತು ಎಂದಿಟ್ಟುಕೊಳ್ಳಿ.

2. ಸರಾಸರಿ ತೆಗೆಯಿರಿ: 14. ಅದರ ಶೇ. 80 ಲೆಕ್ಕ ಹಾಕಿ: ಸುಮಾರು 11 ನಿಮಿಷ. ಇದು ನಿಮ್ಮ ಅಳತೆ.

3. ಮೊಬೈಲಿನಲ್ಲಿ 11 ನಿಮಿಷದ ಅಲಾರಾಂ ಇಟ್ಟು ಶುರು ಮಾಡಿ. ಅಲಾರಾಂ ಹೊಡೆದಾಗ ನೋವಿಲ್ಲದಿದ್ದರೂ ಕೈ ತೊಳೆದು ಏಳಿ. ಎಲ್ಲರೂ ಎಡವುವುದು ಇಲ್ಲೇ. "ಇನ್ನ ಎರಡ ಉಳದಾವ, ಮುಗಿಸೇ ಬಿಡ್ತೀನಿ" ಎನಿಸುತ್ತದೆ. ನೋವು ಏರಿದ ಮೇಲೆ ನಿಲ್ಲಿಸಿದರೆ, ಕೆಲಸವೆಂದರೆ ಅಪಾಯ ಎಂದು ನರವ್ಯೂಹ ಮತ್ತೊಮ್ಮೆ ಕಲಿಯುತ್ತದೆ. ಏರುವ ಮೊದಲೇ ನಿಲ್ಲಿಸಿದರೆ ಕೆಲಸ ಮಾಡಿಯೂ ಸುರಕ್ಷಿತವಾಗಿದ್ದೆ ಎಂದು ಕಲಿಯುತ್ತದೆ.

4. ಐದು ನಿಮಿಷ ಬೇರೆ ಭಂಗಿಗೆ ಬನ್ನಿ. ಕೂತಿದ್ದವರು ನಿಂತು ಅಂಗಳದವರೆಗೆ ನಡೆಯಿರಿ, ನಿಂತಿದ್ದವರು ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರಿ. ಹಾಸಿಗೆಗೆ ಹೋಗಬೇಡಿ. ಮಲಗಿದರೆ ಐದು ನಿಮಿಷ ಒಂದು ತಾಸಾಗುತ್ತದೆ. ಹಂಚಿನ ಉರಿ ಸಣ್ಣದು ಮಾಡಿ, ನಾದಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ. ಒಮ್ಮೆಗೇ ಎಲ್ಲ ಹಿಟ್ಟು ನಾದದೆ ಐದಾರು ರೊಟ್ಟಿಗೆ ಆಗುವಷ್ಟೇ ನಾದಿಕೊಳ್ಳುವುದು ಇನ್ನೂ ಒಳ್ಳೆಯದು. ಜೋಳದ ಹಿಟ್ಟು ತಣ್ಣಗಾದರೆ ಬಿರಿಯುತ್ತದೆ, ಆಗ ಮತ್ತೆ ನಾದುವ ಕೆಲಸ ಮಣಿಕಟ್ಟಿನ ಮೇಲೆ ಬೀಳುತ್ತದೆ.

5. ಒಂದು ವಾರ ಇದೇ ಅಳತೆ. ಮುಂದಿನ ವಾರ ಶೇ. 10 ಮಾತ್ರ ಏರಿಸಿ: 11ರಿಂದ 12. ನೋವು ಕಡಿಮೆ ಇದೆಯೆಂದು 20ಕ್ಕೆ ಜಿಗಿಯಬೇಡಿ, ಹೆಚ್ಚಿದೆಯೆಂದು ಸೊನ್ನೆಗೆ ಇಳಿಯಬೇಡಿ.

ಬೆಂದ ರೊಟ್ಟಿಯ ಲೆಕ್ಕವೂ ಮನಸ್ಸಿಗೆ ಸಂಬಂಧಿಸಿದ್ದೇ. ಹುಬ್ಬಳ್ಳಿ-ಧಾರವಾಡದಲ್ಲಿ ಓಣಿ ಓಣಿಗೆ ರೊಟ್ಟಿ ಮಾಡಿ ಮಾರುವವರಿದ್ದಾರೆ, ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ದಿನಕ್ಕೆ 20 ರೊಟ್ಟಿ ಬೇಕಾದ ಮನೆಯಲ್ಲಿ 10 ಮನೆಯವು, 10 ಕೊಂಡವು ಆದರೆ ಯಾವ ಮರ್ಯಾದೆಯೂ ಹೋಗುವುದಿಲ್ಲ. ಕೊಂಡ ರೊಟ್ಟಿ ತಟ್ಟೆಗೆ ಹಾಕುವಾಗ ಬರುವ ಅಪರಾಧಿ ಭಾವ ಮೂರು ನಾಲ್ಕು ವಾರದಲ್ಲಿ ತಾನೇ ಇಳಿಯುತ್ತದೆ. ಅದಕ್ಕೆ ಹೆದರಿ ಭುಜ ಕೆಡಿಸಿಕೊಳ್ಳಬೇಡಿ.

ಇದೇ ಲೆಕ್ಕ ಬೇರೆ ಕೆಲಸಕ್ಕೂ ಕೂರುತ್ತದೆ. ಗದಗ-ಬೆಟಗೇರಿಯಲ್ಲಿ ಮಗ್ಗದ ಮೇಲೆ ಕೂರುವವರು ಕೈಕಾಲು ಎರಡನ್ನೂ ಒಂದೇ ಲಯದಲ್ಲಿ ಆಡಿಸುತ್ತಾರೆ. ಲಯ ಹತ್ತಿದ ಮೇಲೆ ಹೊತ್ತಿನ ಅರಿವು ಇರುವುದಿಲ್ಲ, ಆದ್ದರಿಂದ ಅಲಾರಾಂ ಕೈಗೆಟುಕದಷ್ಟು ದೂರದಲ್ಲಿರಲಿ, ಆರಿಸಲು ಎದ್ದೇ ಹೋಗಬೇಕು. ಬ್ಯಾಡಗಿ ಸುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸುವವರಿಗೆ ತೂಕದ ಮೇಲೆ ಕೂಲಿ, ಎದ್ದರೆ ದುಡ್ಡು ಕಡಿಮೆ. ಅಂಥವರು ಕೆಲಸ ನಿಲ್ಲಿಸದೆ ಭಂಗಿ ಬದಲಿಸಲಿ: ಹದಿನೈದು ನಿಮಿಷ ಮಣೆಯ ಮೇಲೆ, ಹದಿನೈದು ನಿಮಿಷ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ, ಮುಂದಿನ ಹದಿನೈದು ನಿಮಿಷ ಎತ್ತರದ ಸ್ಟೂಲಿನ ಮೇಲೆ. ಹತ್ತಿ ಬಿಡಿಸುವಾಗ ನಡುವಿಗೆ ಕಟ್ಟಿದ ಚೀಲ ತುಂಬುವ ಮೊದಲೇ, ಅರ್ಧಕ್ಕೇ ಸುರಿದು ಬರುವುದು ನಡುವಿಗೆ ದೊಡ್ಡ ಉಪಕಾರ. ನಲ್ಲಿ ನೀರು ಬಿಡುವ ದಿನ ಹುಬ್ಬಳ್ಳಿಯ ಮನೆಗಳಲ್ಲಿ ಎಷ್ಟೋ ಜನರ ನೋವು ಕೆರಳುತ್ತದೆ. ಆ ದಿನ ಬೇರೆ ಭಾರದ ಕೆಲಸ ಇಟ್ಟುಕೊಳ್ಳಬೇಡಿ, ಕೊಡ ಅರ್ಧ ತುಂಬಿಸಿ ಒಯ್ಯಿರಿ, ಸಾಧ್ಯವಿದ್ದರೆ ಡ್ರಮ್ಮಿನವರೆಗೆ ಪೈಪ್ ಎಳೆದುಕೊಳ್ಳಿ.

ಒಳ್ಳೆಯ ದಿನಗಳೇ ಹೆಚ್ಚು ಅಪಾಯ. ಪಂಚಮಿಗೆ ಮುಂಚೆ ಉಂಡಿ ಕಟ್ಟುವಾಗ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ "ಇವತ್ತ ಆರಾಮೈತಿ" ಎಂದು ಐದು ತಾಸು ದುಡಿದು, ಹಬ್ಬದ ದಿನವೇ ಹಾಸಿಗೆ ಹಿಡಿಯುತ್ತಾರೆ. ಆಗ ನೋವಿಗಿಂತ ಮನಸ್ಸಿನ ಹೊಡೆತ ದೊಡ್ಡದು: ಎಲ್ಲರೂ ಉಣ್ಣುವಾಗ ನಾನೊಬ್ಬಳೇ ಒಳಗೆ. ಹಬ್ಬದ ಕೆಲಸವನ್ನು ಹತ್ತು ದಿನ ಮೊದಲೇ ಕಾಗದದ ಮೇಲೆ ಹರಡಿ, ದಿನಕ್ಕೊಂದು ಕಪಾಟು, ದಿನಕ್ಕೊಂದು ಡಬ್ಬಿ.

ತಲೆಯೊಳಗಿನ ಮಾತು

ನೋವು ಏರಿದಾಗ ತಲೆಯಲ್ಲಿ ಮೂರು ಬಗೆಯ ಮಾತು ಹುಟ್ಟುತ್ತದೆ. ಹಿಗ್ಗಿಸುವ ಮಾತು: "ಇನ್ನ ನನ್ನ ಕಾಲು ಹೋದವು." ಮೆಲುಕು ಹಾಕುವ ಮಾತು: "ಅವತ್ತ ಆ ಚೀಲ ಎತ್ತಬಾರದಿತ್ತು, ಎತ್ತಬಾರದಿತ್ತು." ಕೈಚೆಲ್ಲುವ ಮಾತು: "ಏನ್ ಮಾಡಿದ್ರೂ ಅಷ್ಟ." ಇವುಗಳನ್ನು "ಹಾಂಗ ಅನಬ್ಯಾಡ" ಎಂದು ಗದರಿಸಿ ಓಡಿಸಲಾಗುವುದಿಲ್ಲ. ಬರೆದು ಉತ್ತರ ಕೊಟ್ಟರೆ ಸಡಿಲವಾಗುತ್ತವೆ.

ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲ ಕಾಲಂನಲ್ಲಿ ಆ ಮಾತನ್ನು ತಲೆಯಲ್ಲಿ ಬಂದ ಹಾಗೆಯೇ ಬರೆಯಿರಿ. ಎರಡನೆಯದರಲ್ಲಿ ಕಣ್ಣಾರೆ ಕಂಡದ್ದು ಮಾತ್ರ: "ನಿನ್ನೆ ಮದುವೆಯಲ್ಲಿ ಎರಡು ತಾಸು ನಿಂತಿದ್ದೆ. ಹೋದ ತಿಂಗಳೂ ಹೀಗೇ ಆಗಿತ್ತು, ಮೂರನೆಯ ದಿನ ಇಳಿದಿತ್ತು." ಮೂರನೆಯದರಲ್ಲಿ ಮುಂದಿನ ಒಂದು ತಾಸಿನಲ್ಲಿ ಮಾಡುವ ಒಂದು ಕೆಲಸ: "ಹದಿನೈದು ನಿಮಿಷ ಬಿಸಿನೀರಿನ ಚೀಲ, ಆಮೇಲೆ ಅಂಗಳದಲ್ಲಿ ಎರಡು ಸುತ್ತು." ಹಸನಾದ ಸುಳ್ಳು ಬರೆಯಬೇಡಿ. "ನಾನು ಗಟ್ಟಿ, ನನಗೇನೂ ಆಗಿಲ್ಲ" ಎಂದು ಬರೆದರೆ ಮನಸ್ಸು ನಂಬುವುದಿಲ್ಲ, ಮರುಕ್ಷಣ ಮೊದಲ ಮಾತೇ ಇನ್ನೂ ಜೋರಾಗಿ ಬರುತ್ತದೆ. ಬರೆಯಲು ಬಾರದವರು ಮೊಬೈಲಿನಲ್ಲಿ ತಮ್ಮ ದನಿಯಲ್ಲೇ ಹೇಳಿ ಉಳಿಸಿಕೊಳ್ಳಬಹುದು. ಇದೇ ಸಂಕಟ ಮತ್ತೆ ಬಂದಾಗ ತಮ್ಮದೇ ದನಿ ಕೇಳುವುದಕ್ಕೆ ಬೇರೆಯೇ ಬಲವಿದೆ.

ಚಿಂತೆಗೆ ಹೊತ್ತು ಗೊತ್ತುಮಾಡುವುದೂ ಕೆಲಸ ಮಾಡುತ್ತದೆ. ಸಂಜೆ 5ರಿಂದ 5.15, ಒಂದೇ ಜಾಗ, ಒಂದೇ ಕುರ್ಚಿ. ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಪದದಲ್ಲಿ ಬರೆದಿಟ್ಟು ಐದಕ್ಕೆ ಮುಂದೂಡಿ. ಮಲಗುವ ಹೊತ್ತಿಗೆ ಹತ್ತಿರ ಇಟ್ಟುಕೊಳ್ಳಬೇಡಿ.

ದುಃಖದ ಬಗ್ಗೆಯೂ ಒಂದು ಮಾತು. ಮೊದಲು ಹೊಲದ ಸಾಲು ಮುಂದೆ ನಿಂತು ಕಳೆ ತೆಗೆಯುತ್ತಿದ್ದವರು, ಮೊಮ್ಮಗನನ್ನು ಎತ್ತಿಕೊಂಡು ತಿರುಗುತ್ತಿದ್ದವರು ಈಗ ಆಗುವುದಿಲ್ಲ ಎಂದು ಅತ್ತರೆ ಅದು ದೌರ್ಬಲ್ಯವಲ್ಲ, ಕಳೆದುಕೊಂಡದ್ದಕ್ಕೆ ಅಳುವುದು. ಅತ್ತ ಮೇಲೆ ಆ ಕೆಲಸದ ಯಾವ ತುಂಡು ಇನ್ನೂ ಕೈಯಲ್ಲಿದೆ ಎಂದು ನೋಡಿ. ನೆಲದಿಂದ ಎತ್ತಲಾಗದ ಮೊಮ್ಮಗ ಮಂಚದ ಮೇಲೆ ಪಕ್ಕದಲ್ಲಿ ಕೂತರೆ ಕತೆ ಹೇಳಬಹುದು.

ಮನೆಯಲ್ಲಿ ಏನು ಹೇಳಬೇಕು, ಹೇಗೆ

ಮನೆಯವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಒಂದು, ನಂಬದಿರುವುದು: "ನಿನ್ನಿ ಜಾತ್ರಿಗೆ ಹೋಗಿದ್ದಿ, ಇವತ್ತ ನೋವು ಅಂತೀಯಲ್ಲ." ಇನ್ನೊಂದು, ಅತಿ ಅಕ್ಕರೆ: "ನೀ ಸುಮ್ನ ಕುಂದ್ರವ್ವ, ಎಲ್ಲಾ ನಾವ ಮಾಡ್ತೀವಿ." ಎರಡನೆಯದು ಕೇಳಲು ಚೆಂದ, ಆದರೆ ಎಲ್ಲ ಕೆಲಸ ಕಿತ್ತುಕೊಂಡರೆ ಮೈ ಸೊರಗುತ್ತದೆ, ತಾನು ಯಾರಿಗೂ ಬೇಡ ಎನ್ನುವ ಭಾವ ಬೇರೂರುತ್ತದೆ. ಹೊತ್ತು ಹೊತ್ತಿಗೂ "ಹೆಂಗೈತಿ ಈಗ?" ಎಂದು ಕೇಳುವುದು ಬೇಡ. ದಿನಕ್ಕೊಮ್ಮೆ ಕೇಳಿ, ಉಳಿದ ಹೊತ್ತು ಮಳೆ, ಬೆಳೆ, ಮಕ್ಕಳ ಸಾಲಿ ಬಗ್ಗೆ ಮಾತಾಡಿ.

ನೋವಿರುವವರು ಮೂರು ತುಂಡಿನ ಒಂದು ವಾಕ್ಯ ಕಲಿತರೆ ಜಗಳ ಅರ್ಧಕ್ಕರ್ಧ ತಗ್ಗುತ್ತದೆ: ಅಂಕಿ, ನಾನು ಮಾಡುವುದು, ನೀವು ಮಾಡಬೇಕಾದ್ದು. "ರೀ, ಇವತ್ತ ಏಳೈತ್ರಿ. ಅಡಿಗಿ ನಾ ಮಾಡ್ತೀನಿ, ನೀರು ನೀವು ತುಂಬ್ರಿ." ಅವ್ವನಿಗಾದರೆ, "ಯವ್ವಾ, ಐದೈತಿ. ಪಲ್ಯ ನಾ ಹೆಚ್ಚಿ ಕೊಡ್ತೀನಿ, ಸಂತಿ ಚೀಲ ನೀ ಹೊರಬ್ಯಾಡ, ತಮ್ಮಗ ಹೇಳು." ಇದನ್ನು ಬೆಳಿಗ್ಗೆ ಚಹಾದ ಹೊತ್ತಿಗೇ ಹೇಳಿ. ಕೆಲಸದ ನಡುವೆ ಪಾತ್ರೆ ಕುಕ್ಕಿ ಹೇಳಿದರೆ ಅದು ದೂರಾಗಿ ಕೇಳಿಸುತ್ತದೆ. ಅಲಾರಾಂ ಇಟ್ಟು ಕೆಲಸ ಮಾಡುವ ಸಂಗತಿಯನ್ನೂ ಮೊದಲೇ ತಿಳಿಸಿ. ಇಲ್ಲವಾದರೆ "ಗಡಿಯಾರ ನೋಡಿ ರೊಟ್ಟಿ ಬಡೀತಾಳ" ಎಂಬ ಮಾತು ಬಂದು ಮೂರನೆಯ ದಿನ ಎಲ್ಲ ಬಿಟ್ಟುಬಿಡುತ್ತೀರಿ.

ಓಣಿಯಲ್ಲಿ, ಬಸ್‌ನಲ್ಲಿ "ಆರಾಮ ಅದೀರೇನ್ರಿ?" ಎಂದವರಿಗೆಲ್ಲ ಪೂರ್ತಿ ಕತೆ ಹೇಳಬೇಕಾಗಿಲ್ಲ, ಸುಳ್ಳೂ ಹೇಳಬೇಕಾಗಿಲ್ಲ. "ನಡದೈತ್ರಿ, ನೀವು ಹೆಂಗದೀರಿ?" ಸಾಕು. ಪೂರ್ತಿ ಕೇಳಿಸಿಕೊಳ್ಳುವ ಒಬ್ಬರನ್ನೋ ಇಬ್ಬರನ್ನೋ ಆರಿಸಿಕೊಂಡು ಅವರ ಹತ್ತಿರ ಮಾತ್ರ ಬಿಚ್ಚಿ ಹೇಳಿ.

ಮದುವೆ, ಜಾತ್ರೆಗಳನ್ನು ಪೂರ್ತಿ ಬಿಡಬೇಡಿ. ಅಕ್ಷತೆಗೆ ಮಾತ್ರ ಹೋಗಿ ಬನ್ನಿ, ಸಾಲಿನ ಕೊನೆಯ ಕುರ್ಚಿ ಹಿಡಿಯಿರಿ, ನೆಲದ ಪಂಕ್ತಿಯಾದರೆ ಮೇಜಿನ ಊಟ ಎಲ್ಲಿದೆ ಎಂದು ಬೀಗರನ್ನು ನಾಚಿಕೆಯಿಲ್ಲದೆ ಕೇಳಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವವರಿಗೆ ಚಿಗರಿ ಬಸ್ ಅನುಕೂಲ: ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಮೊಣಕಾಲಿಗೆ ಮೆಟ್ಟಿಲಿನ ಕಾಟವಿಲ್ಲ.

ಗಂಡಸರು ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಅದು ಸಿಟ್ಟಾಗಿ, ಮೌನವಾಗಿ, ಸಂಜೆಯ ಕುಡಿತವಾಗಿ ಹೊರಬೀಳುತ್ತದೆ. ಕುಡಿದಾಗ ನಿದ್ದೆ ಬಂದಂತಾಗುತ್ತದೆ, ಆದರೆ ನಡುರಾತ್ರಿ ಎಚ್ಚರವಾಗಿ ಆಮೇಲಿನ ನಿದ್ದೆ ಒಡೆಯುತ್ತದೆ, ಮರುದಿನ ನೋವು ಹೆಚ್ಚು. ನರನೋವಿಗೆ ಕೊಡುವ ಪ್ರಿಗಾಬಲಿನ್, ಗಾಬಾಪೆಂಟಿನ್ ಜೊತೆ ಮದ್ಯ ಸೇರಿದರೆ ಉಸಿರಾಟಕ್ಕೇ ಅಪಾಯ. "ದುಡಿಯೋ ಗಂಡಸು ಹಿಂಗ ಕುಂತ್ರ ಹೆಂಗ" ಎಂಬ ಮಾತನ್ನು ಮನೆಯವರು ಪೂರ್ತಿ ಕೈಬಿಡಬೇಕು.

ಉಸಿರು

ದಿನಕ್ಕೆ ಎರಡು ಸಲ, ಐದೈದು ನಿಮಿಷ. ಕುರ್ಚಿಯಲ್ಲಿ ಕೂತು ಒಂದು ಕೈ ಹೊಟ್ಟೆಯ ಮೇಲಿಡಿ. ಮೂಗಿನಿಂದ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ನಡುವೆ ಹಿಡಿದಿಡುವುದು ಬೇಡ. ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ತಲೆ ತಿರುಗಿದರೆ, ಬೆರಳು ಜುಮ್ಮೆಂದರೆ ಅತಿ ಆಳವಾಗಿ ಎಳೆಯುತ್ತಿದ್ದೀರಿ ಎಂದರ್ಥ, ಉಸಿರನ್ನು ಸಣ್ಣದು ಮಾಡಿ. ನೋವು ಜೋರಾದಾಗ ಮಾತ್ರ ಮಾಡಿದರೆ ಫಲ ಸಿಗುವುದಿಲ್ಲ. ಆರಾಮಿದ್ದಾಗ ರೂಢಿಯಾಗಿದ್ದರೆ ಮಾತ್ರ ಕಷ್ಟದಲ್ಲಿ ಒದಗುತ್ತದೆ. ಕಣ್ಣು ಮುಚ್ಚಿದರೆ ನೋವಿನ ಜಾಗವೇ ಎದ್ದು ಕಾಣುವವರು ಕಣ್ಣು ತೆರೆದು ಹೊರಗಿನ ಸದ್ದುಗಳನ್ನು ಎಣಿಸಿ.

ರಾತ್ರಿ

ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ರಾತ್ರಿ ಹೇಗೇ ಕಳೆದಿರಲಿ, ದಿನವೂ ಒಂದೇ ಹೊತ್ತಿಗೆ ಏಳಿ. ಮಧ್ಯಾಹ್ನ 3ರ ನಂತರ ಚಹಾ ಬೇಡ. ದಿನಕ್ಕೆ ಐದಾರು ಸಲ ಚಹಾ ಕುಡಿಯುವ ನಮ್ಮ ಕಡೆಯವರಿಗೆ ಇದೇ ಕಠಿಣ, ಆದ್ದರಿಂದ ವಾರಕ್ಕೊಂದು ಕಪ್ಪಿನಂತೆ ಕಡಿಮೆ ಮಾಡಿ. ಒಮ್ಮೆಗೇ ಬಿಟ್ಟರೆ ತಲೆನೋವು ಬರುತ್ತದೆ. ಹಗಲು ನಿದ್ದೆ ಅರ್ಧ ತಾಸು ಮೀರದಿರಲಿ, ಮೂರು ಗಂಟೆಯೊಳಗೆ ಮುಗಿಯಲಿ. ಮಗ್ಗುಲಾಗಿ ಮಲಗುವವರು ಕೌದಿ ಮಡಚಿ ಮೊಣಕಾಲುಗಳ ನಡುವೆ, ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ ಇಟ್ಟುಕೊಳ್ಳಿ. ಸುಮಾರು 20 ನಿಮಿಷ ಹೊರಳಾಡಿಯೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಿ, ಮೊಬೈಲ್ ಮುಟ್ಟಬೇಡಿ, ಕಣ್ಣು ಎಳೆದಾಗ ಮತ್ತೆ ಮಲಗಿ. ನಡುರಾತ್ರಿಯ ತೀರ್ಮಾನ ಯಾವುದನ್ನೂ ಬೆಳಗಾಗುವವರೆಗೆ ನಂಬಬೇಡಿ.

ಗುಳಿಗೆಗಳ ಬಗ್ಗೆ

"ನಡುನೋವಿಗೆ ಹೋದ್ರ ಹುಚ್ಚರ ಗುಳಿಗಿ ಕೊಟ್ರು" ಎಂದು ಅರ್ಧಕ್ಕೇ ಬಿಡುವವರು ಬಹಳ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಮೊದಲು ಖಿನ್ನತೆಗೆ ಬಂದ ಮದ್ದುಗಳೇ ಹೌದು, ಆದರೆ ನೋವಿನ ನರಮಾರ್ಗದ ಮೇಲೂ ಕೆಲಸ ಮಾಡುತ್ತವೆ. ಅಮಿಟ್ರಿಪ್ಟಿಲಿನ್ ಅನ್ನು ನೋವಿಗೆ ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, ಖಿನ್ನತೆಗೆ ಕೊಡುವ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚು. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಮೊದಲ ದಿನಗಳಲ್ಲೇ ಕಾಣುತ್ತವೆ, ಗುಣ ಕಾಣಲು ಕೆಲವು ವಾರ ಬೇಕು. ಕಷ್ಟ ಮೊದಲು, ಲಾಭ ಆಮೇಲೆ ಎಂಬುದು ಗೊತ್ತಿಲ್ಲದೆ ನಾಲ್ಕನೆಯ ದಿನಕ್ಕೆ ಬಿಸಾಡುತ್ತಾರೆ. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಔಷಧ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ದಿನವೂ ನುಂಗಿದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ಹಾನಿ ಆಗಬಹುದು. ಪ್ಯಾರಸಿಟಮಾಲ್ ದೊಡ್ಡವರಿಗೆ 24 ತಾಸಿನಲ್ಲಿ ಒಟ್ಟು 4 ಗ್ರಾಂ ದಾಟಕೂಡದು. ವಯಸ್ಸಾದವರು, ತೂಕ ಕಡಿಮೆ ಇರುವವರು, ಯಕೃತ್ತಿನ ತೊಂದರೆಯವರು, ಕುಡಿಯುವವರಿಗೆ ಇನ್ನೂ ಕಡಿಮೆ. ಅನೇಕ ನೋವಿನ ಗುಳಿಗೆಗಳಲ್ಲಿ ಅದು ಬೆರೆತಿರುತ್ತದೆ, ಜ್ವರಕ್ಕೆಂದು ಇನ್ನೊಂದು ನುಂಗಿದರೆ ಲೆಕ್ಕ ದಾಟುತ್ತದೆ. ಚೀಟಿಯಿಲ್ಲದ ಪುಡಿ, ಹೆಸರಿಲ್ಲದ ಗುಳಿಗೆ ತಿಂದ ಕೂಡಲೇ ಮೈ ಹಗುರಾದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಂಶಯವಿರಲಿ. ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ಮನಸ್ಸೂ ಏರುಪೇರಾಗುತ್ತದೆ. ತಿಂಗಳುಗಟ್ಟಲೆ ತಿಂದವರು ತಾವಾಗಿ ನಿಲ್ಲಿಸದೆ ಪೊಟ್ಟಣ ಸಮೇತ ವೈದ್ಯರ ಹತ್ತಿರ ಹೋಗಿ.

ನೋವು ಕೆರಳಿದ ದಿನಕ್ಕೆ

ಎಷ್ಟೇ ಜೋಪಾನ ಮಾಡಿದರೂ ಇಂಥ ದಿನ ಬರುತ್ತದೆ. ಅವತ್ತು ಯೋಚಿಸುವ ತ್ರಾಣ ಇರುವುದಿಲ್ಲ, ಆದ್ದರಿಂದ ಆರಾಮಿದ್ದಾಗಲೇ ಒಂದು ಚೀಟಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. ಮೊದಲ ಸಾಲು: ಹೊಸ ಲಕ್ಷಣ ಏನಾದರೂ ಇದೆಯೇ (ಮೂತ್ರ, ಬಲ, ಜ್ವರ)? ಇದ್ದರೆ ಆಸ್ಪತ್ರೆ. ಇಲ್ಲದಿದ್ದರೆ ಇವತ್ತು ಎಲ್ಲ ಅಳತೆಯೂ ಅರ್ಧ: 12 ನಿಮಿಷದ ಕೆಲಸ 6 ನಿಮಿಷ. ನಾಳೆ ಮುಕ್ಕಾಲು, ನಾಡಿದ್ದು ಪೂರ್ತಿ. ಬಿಸಿನೀರಿನ ಚೀಲ ಟವೆಲ್ ಸುತ್ತಿ 15 ನಿಮಿಷ (ಅಂಗಾಲು ಮರಗಟ್ಟಿದ ಸಕ್ಕರೆ ಕಾಯಿಲೆಯವರು ಕಾಲಿಗೆ ಇಡಬಾರದು, ಸುಟ್ಟರೂ ತಿಳಿಯುವುದಿಲ್ಲ). ವೈದ್ಯರು ಹೇಳಿದ ಗುಳಿಗೆ, ಅವರು ಹೇಳಿದಷ್ಟೇ. ಫೋನ್ ಮಾಡುವ ಒಬ್ಬರ ಹೆಸರು. ಕೊನೆಗೆ, ಹಿಂದಿನ ಸಲ ಎಷ್ಟು ದಿನಕ್ಕೆ ಇಳಿಯಿತು ಎಂಬ ಅಂಕಿ, ನಿಮ್ಮದೇ ಕೈಬರಹದಲ್ಲಿ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಹೊರಗೆ ನಡೆಯಲಾಗದ ದಿನಗಳಿಗೆ ಪಡಸಾಲೆಯಲ್ಲೇ ನಡೆಯುವ ಸುತ್ತುಗಳ ಲೆಕ್ಕವನ್ನೂ ಅದೇ ಚೀಟಿಯಲ್ಲಿ ಬರೆದಿಡಿ.

ಮನಸ್ಸು ಕುಸಿದಾಗ

ಎರಡು ವಾರ, ಹೆಚ್ಚುಕಡಿಮೆ ದಿನವೂ, ಮನಸ್ಸು ಮಂಕಾಗಿದ್ದರೆ, ಇಷ್ಟದ ಸಂಗತಿಯಲ್ಲೂ ಆಸೆ ಇಲ್ಲದಿದ್ದರೆ ಅದು ಖಿನ್ನತೆಯಾಗಿರಬಹುದು. ನೋವಿಗೆ ಬೇರೆ, ಇದಕ್ಕೆ ಬೇರೆ ಚಿಕಿತ್ಸೆ ಬೇಕು, ಎರಡೂ ಒಟ್ಟಿಗೆ ನಡೆದಾಗ ಗುಣ ಹೆಚ್ಚು. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಲು ಜನ ಹಿಂಜರಿಯುತ್ತಾರೆ, "ಯಾರರ ನೋಡಿದ್ರ?" ಎಂದು. ಅಲ್ಲಿನ ಹೊರರೋಗಿ ವಿಭಾಗಕ್ಕೆ ನಿದ್ದೆ ಬಾರದವರು, ಚಿಂತೆಯವರು ದಿನವೂ ಬಂದು ಹೋಗುತ್ತಾರೆ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಗದಗ ಮತ್ತು ಹಾವೇರಿಯ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರನ್ನು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

"ಇದ್ದು ಏನ್ ಮಾಡೋದು" ಎಂಬ ಮಾತು ಬಂದರೆ ಮನೆಯವರು ಹಗುರಾಗಿ ತೆಗೆದುಕೊಳ್ಳಬಾರದು, ಬೈಯಲೂಬಾರದು. "ಸಾಯಬೇಕು ಅನಸ್ತದೇನು?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬರಲು ದಾರಿಯಾಗುತ್ತದೆ. ಅದೇ ದಿನ ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಮನೆಯಿಂದ ಹೊರಗೆ, ಬೀಗವಿರುವ ಬೇರೆ ಕಡೆ ಸಾಗಿಸಿ, ಕೀಲಿ ಇನ್ನೊಬ್ಬರ ಹತ್ತಿರ ಇರಲಿ. ಹಳೆಯ ಗುಳಿಗೆಗಳ ಚೀಲವನ್ನೂ ತೆಗೆದು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಮನೆಯ ಒಬ್ಬರು ಕೈಯಲ್ಲಿಟ್ಟುಕೊಂಡು ಕೊಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಸಂಖ್ಯೆ 14416, ದಿನದ 24 ತಾಸೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಜೀವಕ್ಕೆ ಅಪಾಯ ಎದುರಿಗೇ ಇದ್ದರೆ 112 ಅಥವಾ ಆಂಬುಲೆನ್ಸ್‌ಗೆ 108. 14416ಕ್ಕೆ ಮಾಡಿದಾಗ ಏನು ಹೇಳಬೇಕೆಂದು ತೋಚದಿದ್ದರೆ ಮೂರು ಸಂಗತಿ ಹೇಳಿ: ನೋವು ಎಷ್ಟು ತಿಂಗಳಿಂದ, ನಿದ್ದೆ ಎಷ್ಟು ತಾಸು, ಇತ್ತೀಚೆಗೆ ಮನಸ್ಸಿಗೆ ಬರುತ್ತಿರುವ ಅತಿ ಕೆಟ್ಟ ಯೋಚನೆ ಯಾವುದು. ನೋವಿರುವವರಿಗೆ ಮಾತಾಡಲು ಆಗದಿದ್ದರೆ ಮನೆಯವರೇ ಮಾಡಿ ಕೇಳಬಹುದು.